ಬಾಣಂತಿ ಖಾರಕ್ಕೆ ಬಿದ್ದ ಬೆಟ್ಟದ ಕಾಯಿ

ಮೆಣಸನ್ನು ಕಣ್ಣಿನಿಂದ ಕೊಳ್ಳಬೇಡಿ, ಹಲ್ಲಿನಿಂದ ಕೊಳ್ಳಿ. ನಂಜನಗೂಡಿನ ಪೇಟೆಯಲ್ಲಿ ಇಷ್ಟು ವರ್ಷ ತಕ್ಕಡಿ ಹಿಡಿದು ಕಲಿತ ಮಾತಿದು. ಕೇಳಿದವರಿಗೂ ಹೇಳಿದ್ದೇನೆ, ಕೇಳದವರನ್ನು ನಿಲ್ಲಿಸಿಯೂ ಹೇಳಿದ್ದೇನೆ. ಒಂದು ಕಾಳು ಕಚ್ಚಿ ಸುಮ್ಮನಿರಿ. ಖಾರ ತಟ್ಟನೆ ನಾಲಗೆಯ ತುದಿಗೆ ಬಂದು ಹೊರಟುಹೋದರೆ ಅದು ತೋಟದ್ದು. ಮೊದಲು ಏನೂ ಇಲ್ಲದಂತಿದ್ದು, ಆಮೇಲೆ ಗಂಟಲ ಹಿಂದಿನಿಂದ ಎದ್ದು ಕಿವಿಯ ತನಕ ಹೋದರೆ ಅದು ಕಾಡುಮೆಣಸು. ಕಾಳು ಸಣ್ಣದು, ಒಂದರ ಹಾಗೆ ಇನ್ನೊಂದಿರುವುದಿಲ್ಲ, ನೋಡಲು ಬಡಕಲು. ನೀರಿಗೆ ಹಾಕಿದಾಗ ತೇಲಿದರೆ ಪರಂಗಿ ಬೀಜ ಬೆರೆಸಿದ್ದಾರೆಂದು ತಿಳಿದು, ಚೀಲ ಅಲ್ಲೇ ಬಿಟ್ಟು ಎದ್ದುಬನ್ನಿ.

ಹೀಗೆ ಕಚ್ಚಿ, ನೆಕ್ಕಿ, ಮೂಸಿ ಬದುಕು ಕಟ್ಟಿಕೊಂಡವಳು ನಾನು. ಆದರೆ ಯಾರೂ ರುಚಿ ನೋಡಬಾರದ ಸಾರೊಂದು ನಮ್ಮ ತವರಿನಲ್ಲಿತ್ತು. ಅದರ ಹೆದರಿಕೆ ಇವತ್ತಿಗೂ ನನ್ನ ತುಟಿಯಿಂದ ಪೂರ್ತಿ ಹೋಗಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ದೇವಸ್ಥಾನದ ಬೀದಿಯಲ್ಲಿ ಗೋಣಿತಾಟು ಹಾಸಿ ಒಣಮೆಣಸಿನಕಾಯಿ ಮಾರುತ್ತಿದ್ದ ನಾನು ಆ ಹೊತ್ತಿಗೆ ತಗಡಿನ ಬಾಗಿಲಿನ ಒಂದು ಅಂಗಡಿ ಹಿಡಿದಿದ್ದೆ. ಸಾರಿನ ಪುಡಿ, ಹುಳಿಪುಡಿ, ಜೊತೆಗೆ ಬಾಣಂತಿ ಖಾರ. ಮೆಣಸು, ಹಿಪ್ಪಲಿ, ಒಣಶುಂಠಿ, ಓಮ ಹುರಿದು ಕುಟ್ಟಿದ ಪುಡಿ ಅದು. ಹೆತ್ತ ಹೆಂಗಸಿಗೆ ಮೊದಲ ತುತ್ತಿನಲ್ಲಿ ತುಪ್ಪ ಹಾಕಿ ಕಲಸಿ ಕೊಡುತ್ತಾರೆ, ಅದರಲ್ಲೇ ಸಾರನ್ನೂ ಕಾಯಿಸುತ್ತಾರೆ.

ಸೋಮವಾರ ದೇವಸ್ಥಾನಕ್ಕೆ ಜನ ಸೇರುತ್ತಾರೆಂದು ಬೆಟ್ಟದ ಕಡೆಯ ಒಬ್ಬ ಆಸಾಮಿ ಜೇನು, ಸೀಗೆಕಾಯಿ, ಮಾಗಳಿ ಬೇರು ಹೊತ್ತು ಬರುತ್ತಿದ್ದ. ಕಾರ್ತಿಕ ಕಳೆದು ಚಳಿ ಬಿದ್ದ ಒಂದು ಸೋಮವಾರ ಅವನ ಚೀಲದಲ್ಲಿ ಕಾಡುಮೆಣಸಿತ್ತು. ಕಚ್ಚಿ ನೋಡಿದೆ. ಕಿವಿ ಬಿಸಿಯಾಯಿತು. ಮುಖ ಮಾತ್ರ ಹುಳ್ಳಗೆ ಮಾಡಿಕೊಂಡೆ. ಮಾಲು ಹಿಡಿಸಿತೆಂದು ಮುಖದಲ್ಲಿ ತೋರಿಸಿದವರು ವ್ಯಾಪಾರಕ್ಕೆ ಲಾಯಕ್ಕಿಲ್ಲ.

"ಜಗ್ಗಬ್ಯಾಡಿ ಅಕ್ಕ," ಅಂದ. "ಇದ ಕೀಳಾಕೆ ಮರ ಅತ್ತಬೇಕು. ಅತ್ತಿದ ಮ್ಯಾಲೆ ಕೆಳೀಕೆ ಆನೆ ಬಂದು ನಿಂತ್ಕತದೆ."

"ಆನೆಗೂ ಪಾಲು ಕೊಟ್ಟು ಬಂದಿದ್ದೀಯೇನೋ, ಈ ರೇಟು ಹೇಳ್ತಿದ್ದೀಯಲ್ಲ?"

ಅವನು ನಕ್ಕ. ನಕ್ಕವನು ಇಳಿಯುತ್ತಾನೆ, ಇಳಿದ. ಅಳೆದಾದ ಮೇಲೆ ನಾನು ಸೆರಗೊಡ್ಡಿ ಕೊಸರು ಕೇಳಿದೆ. ಕೊಸರು ಕೇಳದೆ ಎದ್ದರೆ ಕೊಟ್ಟವನಿಗೂ ಬೇಜಾರು, ಕೊಂಡವಳಿಗೂ ಬೇಜಾರು. ಅವನು ಸೊಂಟದ ಚೀಲದಿಂದ ಒಂದು ಹಿಡಿ ಕಂದು ಕಾಯಿ ತೆಗೆದ. ಒಣಗಿ ಬಾಯಿ ಬಿಟ್ಟುಕೊಂಡ, ಮೆಣಸಿಗಿಂತ ಒಂದಿಷ್ಟು ದಪ್ಪದ ಕಾಯಿ. ಒಳಗೆ ಕಣ್ಣಿನ ಗುಡ್ಡೆಯ ಹಾಗೆ ಹೊಳೆಯುವ ಒಂದು ಕಪ್ಪು ಬೀಜ.

"ಇದ ಮಾರಾಕಿಲ್ಲ ನಾನು. ಮನೇಗೆ ಮಡಗಿಕೊಂಡಿದ್ದು. ಸಾರು ಕುದಿಯೋವಾಗ ಇಡೀದು ಎರಡಾಕಿ, ಆಮ್ಯಾಕೆ ತಗುದು ಬಿಸಾಕಿ. ಕುಟ್ಟಬ್ಯಾಡಿ."

"ಇದಕ್ಕೇನು ಹೆಸರು?"

"ನಮ್ಮೋರು ಏನೇನೋ ಅಂತಾರೆ. ನೀವು ಬೆಟ್ಟದ ಕಾಯಿ ಅನ್ನಿ, ಸಾಕು."

ಮೂಸಿದೆ. ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಚಿವುಟಿದ ಹಾಗೆ ಘಮ್ಮೆಂದಿತು. ಮನೆಗೆ ಹೋಗಿ ಬೇಳೆಸಾರಿಗೆ ಅವನು ಹೇಳಿದ ಹಾಗೇ ಎರಡು ಹಾಕಿ ತೆಗೆದೆ. ನಮ್ಮೆಜಮಾನರು ಒಂದು ತುತ್ತು ಉಂಡು, "ಇದಕ್ಕೆ ನಿಂಬೆಹಣ್ಣು ಹಿಂಡಿದ್ಯಾ?" ಅಂದರು. ಹಿಂಡಿರಲಿಲ್ಲ. ಹುಳಿಯೇ ಇಲ್ಲದ ನಿಂಬೆ! ಆ ಕ್ಷಣ ನನಗೆ ನೆನಪಾದವಳು ನನ್ನ ತಂಗಿ.

ತಂಗಿ ಆಗ ಮೂಗೂರಿನಲ್ಲಿ, ನಮ್ಮವ್ವನ ಮನೆಯಲ್ಲಿ, ಹಸಿ ಬಾಣಂತಿ. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದೆ, ಹೆಮ್ಮರಗಾಲದ ದೇವರಿಗೆ ಹರಕೆ ಹೊತ್ತು, ನರಸೀಪುರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹೆತ್ತಿದ್ದಳು. ಅವ್ವನ ಬಾಣಂತನ ಎಂದರೆ ಕಾನೂನು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮಂಚದ ಕೆಳಗೆ ಕೆಂಡ. ನೀರು ಬೇಕಾದರೆ ಕಾಯಿಸಿ ಆರಿಸಿದ್ದು, ಅದೂ ಗುಟುಕಿನ ಲೆಕ್ಕ. ಹುಳಿಯಂತೂ ಮನೆಯ ಗೋಡೆಯ ಒಳಗೇ ಬರುವ ಹಾಗಿಲ್ಲ. ತಾಯಿ ಹುಳಿ ತಿಂದರೆ ಕೂಸಿಗೆ ಶೀತ, ತಾಯಿಗೆ ನಂಜು. ನಾನು ನೋಡಲು ಹೋದಾಗ ತಂಗಿ ನನ್ನ ಕಿವಿಯಲ್ಲಿ, "ಅಕ್ಕ, ಬಾಯೆಲ್ಲ ಬೂದಿ ತಿಂದಂಗದೆ. ಒಂದು ಹೋಳು ನಿಂಬೆಹಣ್ಣು ಸೆರಗಲ್ಲಿ ಮುಚ್ಚಿ ತತ್ತೀಯಾ?" ಅಂತ ಬೇಡಿಕೊಂಡಿದ್ದಳು.

ಕಾಯಿದೆ ಮುರಿಯದೆ ಕೆಲಸ ಮಾಡಿಸುವ ದಾರಿ ಸಿಕ್ಕಿದರೆ ನನಗೆ ಹಬ್ಬ. ಮಾರನೇ ದಿನವೇ ಮೂಗೂರಿಗೆ ಹೋಗಿ ಕಾಡುಮೆಣಸನ್ನೂ ಬೆಟ್ಟದ ಕಾಯಿಯ ಪೊಟ್ಟಣವನ್ನೂ ಅವ್ವನ ಕೈಗೆ ಕೊಟ್ಟೆ. ಅವ್ವ ಪೊಟ್ಟಣ ಮೂಸಿ ಕಣ್ಣು ಕಿರಿದು ಮಾಡಿದಳು.

"ಉಳಿಯಾ ಇದು?"

"ಹುಳಿಯಲ್ಲ ಕಣವ್ವ. ವಾಸನೆ ಮಾತ್ರ. ಇಡೀದು ಎರಡು ಹಾಕು, ಕುದ್ದ ಮೇಲೆ ತೆಗೆದುಬಿಡು. ಕುಟ್ಟಬೇಡ."

"ಆಯ್ತು ಬುಡು. ಸಾರು ಮಾಡಾದು ನಂಗೆ ಕಲಿಸ್ತೀಯಾ?"

ತಂಗಿ ಒಳಗಿನಿಂದ ಮೂಗರಳಿಸಿ, "ಏನವ್ವ ಅದು, ನಿಂಬೆ ಬಂದದಾ?" ಅಂತ ಕೂಗಿದಳು. ಎಲ್ಲರೂ ನಕ್ಕೆವು. ನಾನು ಬಸ್ಸು ಹತ್ತಿದೆ.

ಆ ವಾರ ಮುಗಿಯುವ ಹೊತ್ತಿಗೆ ಪಕ್ಕದ ಎಸ್‌ಟಿಡಿ ಬೂತಿನವನು ಓಡಿಬಂದ. ಮೂಗೂರಿಂದ ಫೋನು, ನಿಮ್ಮ ತಂಗಿಗೆ ನಾಲಗೆ ಸರಿಯಾಗಿ ಹೊರಳುತ್ತಿಲ್ಲವಂತೆ, ಈಗಲೇ ಬರಬೇಕಂತೆ.

ನಾಲಗೆ. ಬೇರೆ ಏನು ಹೇಳಿದ್ದರೂ ನಾನು ಅಂಗಡಿಗೆ ಬೀಗ ಹಾಕಿ, ಗಿರಾಕಿಗೆ ಚಿಲ್ಲರೆ ಕೊಟ್ಟು, ನಿಧಾನಕ್ಕೆ ಹೊರಡುತ್ತಿದ್ದೆ. ನಾಲಗೆ ಎಂದ ಕೂಡಲೇ ತೆರೆದ ಬಾಗಿಲನ್ನು ಹಾಗೇ ಬಿಟ್ಟು ಓಡಿದೆ. ಯಾಕೆಂದರೆ ನಮ್ಮ ಚಿಕ್ಕವ್ವ, ಅವ್ವನ ಬೆನ್ನಿಗೆ ಹುಟ್ಟಿದವಳು, ಅದೇ ಮನೆಯ ಅದೇ ಕೋಣೆಯಲ್ಲಿ ಬಾಣಂತಿ ಸನ್ನಿಯಿಂದ ತೀರಿಕೊಂಡಿದ್ದಳು. ನಾನು ಆಗ ಲಂಗ ಉಡುವ ಹುಡುಗಿ. ಮೊದಲು ಮಾತು ತೊದಲಿತು. ಆಮೇಲೆ ದವಡೆ ಕಚ್ಚಿಕೊಂಡಿತು. ನೀರು ಬಿಡಲು ಅವ್ವ ಚಮಚದ ಹಿಡಿಯನ್ನು ಹಲ್ಲಿನ ಸಂದಿಗೆ ತೂರಿಸಿ ಮೀಟಿದಳು. ಬಾಯಿ ತೆರೆಯಲಿಲ್ಲ, ಚಮಚ ಬಗ್ಗಿತು. ಆ ಬಗ್ಗಿದ ಚಮಚವನ್ನು ಅವ್ವ ಎಸೆದಿರಲಿಲ್ಲ. ಅಡುಗೆಮನೆಯ ಗೂಡಿನಲ್ಲಿ ಇನ್ನೂ ಇತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ, ಯಾರೂ ತೆಗೆಯುತ್ತಲೂ ಇರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಸುಮ್ಮಸುಮ್ಮನೆ ಬಾಯಿ ತೆರೆದು ಮುಚ್ಚಿ ನೋಡಿಕೊಳ್ಳುತ್ತಿದ್ದೆ. ಎದುರಿನ ಹೆಂಗಸು, "ಅಲ್ಲು ನೋವಾ?" ಅಂದಳು. ಹೂಂ ಅಂದೆ.

ಕೋಣೆಯಲ್ಲಿ ಸಾಂಬ್ರಾಣಿ ಹೊಗೆ. ತಂಗಿಯ ಹಣೆ, ಕತ್ತು, ತೋಳಿನ ತುಂಬ ಅವ್ವ ವಿಭೂತಿ ಬಳಿದಿದ್ದಳು. ತಂಗಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಜೊಲ್ಲು ಸುರಿಯುವುದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

"ತುಟಿ ನಂದಲ್ಲ ಅನ್ನಿಸ್ತದೆ ಅಕ್ಕ. ಜುಂ ಅಂತದೆ. ನಾಲಿಗೆ ಒಳಗೆ ಇರುವೆ ಅರದಂಗೆ." ಮಾತು ದಪ್ಪಗಿತ್ತು.

"ಬಾಯಿ ತೆಗಿ. ಇನ್ನೂ ದೊಡ್ಡದಾಗಿ."

ತೆಗೆದಳು. ಪೂರ್ತಿ ತೆರೆಯಿತು. ನಾನು ಉಸಿರು ಬಿಟ್ಟೆ. ಅವ್ವ ಬಿಡಲಿಲ್ಲ.

"ಈಗ ತಗೀತಾಳೆ. ಅವಳೂ ಮೊದಲು ತಗದಿದ್ಲು," ಅಂದಳು. ಅವಳು ಎಂದರೆ ಚಿಕ್ಕವ್ವ. ಅವ್ವ ಅವಳ ಹೆಸರು ಹೇಳುತ್ತಿರಲಿಲ್ಲ. "ಸನ್ನಿ ಕಣಮ್ಮಿ ಇದು. ಒಂದ್ಸಲ ಕಂಡೋಳಿಗೆ ಇನ್ನೊಬ್ರು ಏಳಬೇಕಾಗಿಲ್ಲ. ಸೀತ ತಲೇಗೇರದೆ. ಕಾರ ಕೊಟ್ಟು ಇಳಿಸ್ಬೇಕು. ನೀ ಕೊಟ್ಟ ಮೆಣಸಲ್ಲೇ ಒಸ ಕಾರ ಕುಟ್ಟಿದೀನಿ, ಅದ ದುಪ್ಪಟ್ಟು ಮಾಡಿ ಕೊಡ್ತಿದೀನಿ."

ಸನ್ನಿಗೆ ಖಾರವೇ ಮದ್ದು. ನಮ್ಮಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ನಾನೂ ಗಿರಾಕಿಗಳಿಗೆ ಅದನ್ನೇ ಹೇಳುತ್ತಿದ್ದೆ. ಹಾಗಾಗಿ ಅವ್ವ ಬಿಸಿ ಅನ್ನದ ಮೇಲೆ ಕಪ್ಪಗೆ ಪುಡಿ ಸುರಿದು, ತುಪ್ಪ ಹಾಕಿ, ಉಂಡೆ ಮಾಡಿ ತಂಗಿಯ ಬಾಯಿಗಿಡುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಉಂಡ ಮೇಲೆ ಅವಳ ಮಾತು ಇನ್ನೂ ಕೆಟ್ಟಿತು. ಸಂಜೆಯ ಹೊತ್ತಿಗೆ ಇಳಿಯಿತು. "ನೋಡ್ದಾ? ಕಾರ ಕೆಲಸ ಮಾಡ್ತು," ಅಂತ ಅವ್ವ ಮತ್ತೊಂದು ಉಂಡೆ ಕೊಟ್ಟಳು. ಮತ್ತೆ ಏರಿತು. ಸನ್ನಿ ಹೀಗೇ, ಅಲೆಅಲೆಯಾಗಿ ಬರುತ್ತದೆ ಎಂದು ಅವ್ವ ಗೋಡೆಗೊರಗಿ ಕಣ್ಣು ಮುಚ್ಚಿದಳು. ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಗೂಡು ಬರಿದಾಗಿತ್ತು. ತಿರುಗಿ ಬಂದು ನೋಡಿದರೆ ಬಗ್ಗಿದ ಚಮಚ ಅವ್ವನ ಮಡಿಲಲ್ಲಿತ್ತು.

ತಂಗಿಯ ತೊದಲು ಮಾತಿಗಿಂತ ಆ ಚಮಚ ನನ್ನನ್ನು ಹೆಚ್ಚು ಹೆದರಿಸಿತು.

ಬೆಳಗಾದಾಗ ಕೂಸು ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸಿತು. ಮಕ್ಕಳು ನೂರು ಕಾರಣಕ್ಕೆ ಮುಖ ತಿರುಗಿಸುತ್ತವೆ. ಆದರೆ ಹೆದರಿದವರ ಮನೆಯಲ್ಲಿ ಕಾರಣ ಒಂದೇ. ನಾನು ಎದ್ದು ನಿಂತೆ. "ಆಸ್ಪತ್ರೆಗೆ ಹೊರಡೋಣ."

"ಅನ್ನೊಂದು ದಿನ ಕಳೀದೆ ಒಸಲು ದಾಟಿಸ್ತೀಯಾ? ಗಾಳಿ ತಾಕಿದ್ರೆ ಅಲ್ಲೇ ಓಯ್ತಾಳೆ!"

"ಇಲ್ಲೇ ಇದ್ದರೆ?"

ಅವ್ವ ಬಗ್ಗಿ ಮಂಚದ ಕೆಳಗಿನ ಕೆಂಡ ಕೆದಕತೊಡಗಿದಳು. ಎದುರಿನವರು ಸುಮ್ಮನಾದಾಗ ದಬಾಯಿಸಬಾರದು, ಅವರಿಗೆ ಏನಾದರೂ ಬಿಟ್ಟುಕೊಡಬೇಕು. ವ್ಯಾಪಾರದಲ್ಲೂ ಅಷ್ಟೆ, ಮನೆಯಲ್ಲೂ ಅಷ್ಟೆ. ನಾನು ಬಿಟ್ಟುಕೊಟ್ಟೆ. ಕಿವಿಗೆ ಹತ್ತಿ ಇರಲಿ, ಮೇಲೆ ಎರಡು ಕಂಬಳಿ ಇರಲಿ, ಆಸ್ಪತ್ರೆಯ ಅನ್ನ ಮುಟ್ಟಿಸುವುದು ಬೇಡ, ನಿನ್ನ ಕೈಯಡುಗೆಯೇ ಕ್ಯಾರಿಯರಿನಲ್ಲಿ ಬರಲಿ, ನೀನೂ ಜೊತೆಗೆ ಬಾ. ಒಂದೊಂದಕ್ಕೂ ಅವ್ವ ತಲೆಯಾಡಿಸುತ್ತ ಬಂದಳು. ನನ್ನ ಜನ್ಮದಲ್ಲಿ ನಾನು ಕುದುರಿಸಿದ ಅತಿ ಕಷ್ಟದ ವ್ಯಾಪಾರ ಅದು.

ಬೆಲ್ಲ ಸಾಗಿಸುವ ನೆರೆಮನೆಯ ಮೆಟಡೋರು ಸಿಕ್ಕಿತು. ಒಂದೊಂದು ಗುಂಡಿಗೂ ಡ್ರೈವರು, "ಅಳ್ಳ ಬಂತು, ಬಾಣಂತಿ ಇಡ್ಕಳಿ!" ಅಂತ ಕೂಗುತ್ತಿದ್ದ. ತಂಗಿ ಕಂಬಳಿಯೊಳಗಿಂದ, "ಇವನ ಬಾಯಿಗಾದ್ರೂ ಸನ್ನಿ ಒಡೀಬಾರದಾ?" ಅಂದಳು. ತೊದಲಿಕೊಂಡೇ ಅಂದಳು. ನನಗೆ ನಗುವೂ ಬಂತು, ಅಳುವೂ ಬಂತು.

ನರಸೀಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ದವಡೆ ಒತ್ತಿದರು, ಕತ್ತು ಬಗ್ಗಿಸಿದರು, ಹೊಲಿಗೆ ನೋಡಿದರು. ಸನ್ನಿಯ ಯಾವ ಗುರುತೂ ಕಾಣುತ್ತಿಲ್ಲ ಎಂದರು. ಮೈ ಬಿಸಿ ಇದೆ, ತುಟಿ ಒಡೆದಿದೆ. "ನೀರು ಎಷ್ಟು ಕುಡೀತಾಳೆ?"

"ಬಾಣಂತೀಗೆ ನೀರಾ!" ಅಂದಳು ಅವ್ವ, ಡಾಕ್ಟರಮ್ಮ ಏನೋ ಕೆಟ್ಟ ಮಾತಾಡಿದ ಹಾಗೆ.

ಅವರು ಅವ್ವನ ಕಡೆ ಒಂದು ನೋಟ ನೋಡಿ ಗ್ಲೂಕೋಸು ಹಾಕಿಸಿದರು. "ನಾಲಗೆ ಜುಂ ಅನ್ನೋದು ಯಾಕೆ ಅಂತ ನನಗೂ ತಿಳೀತಿಲ್ಲ. ಸಂಜೆವರೆಗೆ ನೋಡೋಣ. ಹೆಚ್ಚಾದರೆ ಮೈಸೂರಿಗೆ ಕರ್ಕೊಂಡು ಹೋಗಿಬಿಡಿ." ಮೈಸೂರಿಗೆ ಎಂದರೆ ಆ ಕಾಲದ ನಮಗೆ ಒಂದೇ ಅರ್ಥ, ಇನ್ನು ಆಸೆಯಿಲ್ಲ. ಅವ್ವ ಸೊಂಟ ಮುಟ್ಟಿಕೊಂಡಳು. ಚಮಚ ಅಲ್ಲಿ ಸಿಕ್ಕಿಸಿತ್ತು.

ಗ್ಲೂಕೋಸು ಇಳಿಯುತ್ತ ಇಳಿಯುತ್ತ ತಂಗಿಯ ಮಾತು ಚೊಕ್ಕವಾಯಿತು. ಕೂಸಿಗೆ ಯಾರ ಮೂಗು ಬಂದಿದೆ ಎಂದು ಪಕ್ಕದ ಮಂಚದವಳ ಜೊತೆ ವಾದಕ್ಕೂ ಇಳಿದಳು. ಮಧ್ಯಾಹ್ನ ಅವ್ವ ಕ್ಯಾರಿಯರು ಬಿಚ್ಚಿ, ಖಾರದನ್ನ ಕಲಸಿ, ಮೇಲೆ ಸಾರು ಬಿಟ್ಟು, ಸೆರಗು ಮರೆಮಾಡಿ ತಿನ್ನಿಸತೊಡಗಿದಳು. ನಾನು ಎದುರು ನಿಂತು ತಂಗಿಯ ತುಟಿಯನ್ನೇ ನೋಡುತ್ತಿದ್ದೆ. ಮೂರನೇ ತುತ್ತಿಗೆ ಅವಳ ಕೈ ತಾನೇ ತಾನಾಗಿ ಬಾಯಿಗೆ ಹೋಯಿತು.

"ಅಕ್ಕ. ಮತ್ತೆ ಬತ್ತಾ ಅದೆ."

ಸರಕು ಇಳಿಸಿದ ಮೇಲೆ ದೂರು ಬಂದರೆ ಗಿರಾಕಿಯ ಜಾತಕ ನೋಡಬಾರದು, ಸರಕನ್ನು ನೋಡಬೇಕು. ಎರಡು ದಿನ ಎಲ್ಲಿ ಹೋಗಿತ್ತೋ ನನ್ನ ಬುದ್ಧಿ, ಈಗ ಬಂತು. ಕ್ಯಾರಿಯರಿಗೆ ಕೈ ಚಾಚಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಬಾಣಂತಿ ತುತ್ತಿಗೆ ಕೈ ಆಕ್ತೀಯಾ? ಆಲು ಬತ್ತೋಯ್ತದೆ!"

ನಮ್ಮ ಮನೆತನದ ಕಟ್ಟಳೆ ಅದು. ಬಾಣಂತಿಯ ಅಡುಗೆಯನ್ನು ಅವಳ ಹೊರತು ಯಾರೂ ಬಾಯಿಗಿಡಬಾರದು. ಉಪ್ಪು ನೋಡಲೂ ಕೂಡದು. ಅಟ್ಟವಳೂ ಕೈಯಂದಾಜಿನಲ್ಲಿ ಅಡಬೇಕು, ಉಳಿದದ್ದನ್ನು ಹಸುವಿಗೆ ಹಾಕಬೇಕು. ಆ ಮನೆಯಲ್ಲಿ ಹುಟ್ಟಿ ನಾನೂ ಅದನ್ನು ನಂಬಿದವಳೇ. ಆದರೂ ಅವ್ವನ ಹಿಡಿತ ಬಿಡಿಸಿಕೊಂಡು ಬೆರಳು ಅದ್ದಿ ನೆಕ್ಕಿದೆ.

ಮೊದಲು ಬೆಳ್ಳುಳ್ಳಿ, ತುಪ್ಪ. ಆಮೇಲೆ ಕಾಡುಮೆಣಸು ಗಂಟಲ ಹಿಂದಿನಿಂದ ಎದ್ದಿತು. ಅದರ ಹಿಂದೆಯೇ ಹೇರಳೆಯ ಘಮ. ಆಮೇಲೆ, ಟಾರ್ಚಿನ ಸೆಲ್ಲಿಗೆ ನಾಲಗೆ ತಾಗಿಸಿದ ಹಾಗೆ ತುದಿಯಲ್ಲಿ ಚುರುಗುಟ್ಟಿತು. ಚುರುಕು ತುಟಿಗೆ ಹರಿಯಿತು. ತುಟಿ ದಪ್ಪಗಾಯಿತು. ಆಮೇಲೆ ತುಟಿಯೇ ಇಲ್ಲವಾಯಿತು.

ಸನ್ನಿಯಲ್ಲ ಎಂದು ಕುಣಿಯಬೇಕಾಗಿತ್ತು. ನಾನು ಮಂಚದ ಕಂಬಿ ಹಿಡಿದುಕೊಂಡೆ. ಸನ್ನಿಯಲ್ಲದಿದ್ದರೆ ವಿಷ. ನನ್ನ ಕೈಯಿಂದ ಬಂದ ಪೊಟ್ಟಣ, ತಂಗಿಯ ಹೊಟ್ಟೆಗೆ, ಅಲ್ಲಿಂದ ಹಾಲಿಗೆ, ಹಾಲಿನಿಂದ ಕೂಸಿಗೆ.

"ಅವ್ವ, ಆ ಬೆಟ್ಟದ ಕಾಯಿ ಏನು ಮಾಡ್ದೆ?" ನನ್ನ ಮಾತೂ ತೊದಲುತ್ತಿತ್ತು. ಅದನ್ನು ಕೇಳಿಯೇ ಅವ್ವ ಬಿಳಿಚಿಕೊಂಡಳು.

"ಕುಟ್ಟಿ ಕಾರಕ್ಕೆ ಆಕ್ದೆ ಕಣಮ್ಮಿ. ಎರಡಾಕಿ ತಗುದು ಬಿಸಾಕಿದ್ರೆ ಏನು ಸತ್ವ ಸಿಕ್ಕದು? ಮಗ ಆಸೆಪಟ್ಟದೆ ಅಂತ ಅಷ್ಟೂ ಆಕ್ದೆ."

"ಬೀಜಾನೂ?"

"ಬೀಜಾನೂ."

ಅವ್ವ ತಾನೂ ಬೆರಳು ಅದ್ದಿ ನೆಕ್ಕಿದಳು. ಸ್ವಲ್ಪ ಹೊತ್ತಿಗೆ ಮೂವರೂ ಬಾಯಿಯ ಮೇಲೆ ಕೈಯಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಪಕ್ಕದ ಮಂಚದವಳು ತನ್ನ ಮಗುವನ್ನು ಎತ್ತಿಕೊಂಡು ಆಚೆ ಹೋಗಿ ಕೂತಳು.

ಡಾಕ್ಟರಮ್ಮ ಪುಡಿ ಮೂಸಿದರು, ಗುರುತು ಹತ್ತಲಿಲ್ಲ. "ಏನು ಕಾಯಿ ಅಂತ ತಿಳ್ಕೊಂಡು ಬನ್ನಿ. ಅಲ್ಲಿವರೆಗೂ ಇದನ್ನ ಕೊಡಬೇಡಿ. ಮಗುಗೆ ಹಾಲೂ ಬೇಡ." ಅವರ ಮಾತು ಮುಗಿಯುವ ಮೊದಲೇ ಕೂಸು ಎದ್ದು ಹಸಿವಿಗೆ ಅಳತೊಡಗಿತು. ಬೆಳಗ್ಗೆ ಮುಖ ತಿರುಗಿಸಿದ್ದ ಕೂಸು ಈಗ ಬಾಯಿ ತೆರೆದು ಹುಡುಕುತ್ತಿತ್ತು. ತಂಗಿಯ ರವಿಕೆ ಒದ್ದೆಯಾಗುತ್ತಿತ್ತು. ಅವಳು ಕೂಸನ್ನು ಎದೆಯಿಂದ ದೂರ ಹಿಡಿದು, "ಬ್ಯಾಗ ಬಾ ಅಕ್ಕ," ಅಂದಳು.

ಅವತ್ತು ಸೋಮವಾರ. ಅವನು ನಂಜನಗೂಡಿಗೆ ಬಂದಿರಬೇಕು. ಬಂದಿರದಿದ್ದರೆ ಎಂಬ ಮಾತನ್ನು ನಾನು ಒಳಗೆ ಬಿಡಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ತುಟಿಯನ್ನು ಉಗುರಿನಿಂದ ಒತ್ತುತ್ತ ಕೂತೆ. ನೋವಾದರೆ ಬದುಕುತ್ತೇವೆ, ನೋವಾಗದಿದ್ದರೆ ಇಲ್ಲ. ನನಗೆ ನಾನೇ ಹಾಕಿಕೊಂಡ ಪರೀಕ್ಷೆ. ಬಹಳ ದೂರ ನೋವಾಗಲಿಲ್ಲ. ಆಮೇಲೆ ಒಂದು ಕಡೆ ಚಳುಕೆಂದಿತು. ಇನ್ನಷ್ಟು ಗಟ್ಟಿಯಾಗಿ ಒತ್ತಿದೆ. ನಂಜನಗೂಡಿನಲ್ಲಿ ಇಳಿದಾಗ ತುಟಿಯಲ್ಲಿ ರಕ್ತವಿತ್ತು, ನೋವೂ ಇತ್ತು.

ಅವನು ದೇವಸ್ಥಾನದ ಹಿಂದೆ, ಹೊಳೆಯ ಕಡೆಯ ಮೆಟ್ಟಿಲ ಹತ್ತಿರ ಚೀಲ ಕಟ್ಟುತ್ತಿದ್ದ. ನಾನು ಹೋದವಳೇ ಅವನ ಅಂಗಿಯ ಕೊರಳಪಟ್ಟಿ ಹಿಡಿದೆ.

"ಆ ಕಾಯಿ ಎಲ್ಲಿ? ತೆಗಿ. ತಿಂದು ತೋರ್ಸು."

"ಯಾಕಕ್ಕ, ಏನಾಯ್ತು?"

"ತಿನ್ನು ಮೊದ್ಲು! ಬೀಜ ಸಮೇತ!"

ಅವನು ನನ್ನ ಮುಖ ನೋಡಿದ. ಚೀಲದಿಂದ ನಾಲ್ಕೈದು ಕಾಯಿ ತೆಗೆದು ಬಾಯಿಗೆ ಹಾಕಿಕೊಂಡ. ಬೀಜ ಕಟುಂ ಕಟುಂ ಎಂದಿತು. ಕಣ್ಣಲ್ಲಿ ನೀರು ಬಂತು. "ನುಂಗು," ಅಂದೆ. ನುಂಗಿದ. "ಬಾಯಿ ತೋರ್ಸು." ತೋರಿಸಿದ.

"ನಾ ಸತ್ರೆ ನಿಮ್ಗೆ ಜೇನು ತಂದುಕೊಡೋರ್ಯಾರಕ್ಕ?" ಅಂದ. ಅವನಿಗೂ ತೊದಲು. ಬಾಣಂತಿಗೆ ಕುಟ್ಟಿ ಕೊಟ್ಟರೆಂದು ಹೇಳಿದಾಗ ತಲೆಗೆ ಕೈಹೊತ್ತ. "ಏಳಿದ್ನಲ್ಲಕ್ಕ, ಕುಟ್ಟಬ್ಯಾಡಿ ಅಂತ! ಅಲ್ಲು ನೋವು ಬಂದ್ರೆ ನಾವು ಮಕ್ಕಳ ಅಲ್ಲಿಗೆ ಇದ ಇಡ್ತೀವಿ, ನೋವು ಗೊತ್ತಾಗ್ದಂಗೆ. ಸಾಯಾಕಿಲ್ಲ ಯಾರೂವೆ. ನಮ್ಮ ಎಣ್ಣೈಕಳು ಬಾಣಂತೀಲೂ ಉಣ್ತಾರೆ, ಮೀನು ಸಾರಿಗಾಕಿ. ನಿಮ್ಗೆ ಮೀನು ಆಗಾಕಿಲ್ಲ ಬುಡಿ. ಆದ್ರೆ ಎರಡೇ ಎರಡು, ಬೀಜ ಉದುರಿಸಿ."

"ನಡಿ. ಈ ಮಾತು ಡಾಕ್ಟರಿಗೆ ಹೇಳು."

"ನನ್ ಸರಕು?"

"ನಿನ್ನ ಸರಕೆಲ್ಲ ನಂದೇ. ರೇಟು ನೀನೇ ಹೇಳು. ನಡಿ."

ಅಂಥ ಮಾತು ಅವನು ನನ್ನ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಚೀಲಗಳನ್ನು ನಮ್ಮೆಜಮಾನರು ಕಾಯುತ್ತಿದ್ದ ನನ್ನ ಅಂಗಡಿಗೆ ಎ‍ಸೆದು ಬಸ್ಸು ಹತ್ತಿದೆವು. ಕೂತ ಕೂಡಲೇ ಅವನು ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದು, ನಿದ್ದೆಹೋದ. ನಿದ್ದೆಯೋ ಮತ್ತೇನೋ ನನಗೇನು ಗೊತ್ತು? ಅಲುಗಾಡಿಸಿದೆ. "ಲೋ." ಕಣ್ಣು ಬಿಟ್ಟ. ಮತ್ತೆ ಮುಚ್ಚಿದ. ಮುಂದಿನ ಸ್ಟಾಪಿನಲ್ಲಿ ಮತ್ತೆ, "ಲೋ." ಹೀಗೇ ದಾರಿಯುದ್ದಕ್ಕೂ. ಕಡೆಗೆ ಅವನು, "ಬದುಕಿವ್ನಿ ಕಣಕ್ಕ, ನಿದ್ದೆ ಮಾಡಾಕಾದ್ರೂ ಬುಡಿ," ಅಂತ ಕೈಮುಗಿದ. ಕಂಡಕ್ಟರು ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದ.

ಆಸ್ಪತ್ರೆಯ ವರಾಂಡದಲ್ಲೇ ಕೂಸಿನ ಅಳು ಕೇಳಿಸಿತು. ಅತ್ತು ಅತ್ತು ಗಂಟಲು ಕಟ್ಟಿದ ಅಳು. ಅವನು ಡಾಕ್ಟರಮ್ಮನ ಎದುರು ಎಲ್ಲ ಹೇಳಿದ, ಕೇಳದಿದ್ದರೂ ಮತ್ತೆರಡು ಕಾಯಿ ಅಗಿದು ತೋರಿಸಿದ. ಅವರು ಅವನ ನಾಡಿ ನೋಡಿದರು, ನನ್ನ ತುಟಿ ನೋಡಿದರು. ತಂಗಿಯ ನಾಲಗೆ ಆಗಲೇ ಸರಿಯಾಗಿತ್ತು. ತುಸು ಯೋಚಿಸಿ, "ಕುಡಿಸಮ್ಮ," ಅಂದರು.

ಕೂಸು ಮೊಲೆ ಹಿಡಿಯಿತು. ಅಳು ನಿಂತ ಆ ಸದ್ದಿಲ್ಲದ ಹೊತ್ತು ನನಗೆ ಅಳುವಿಗಿಂತ ಹೆಚ್ಚು ಭಯ ಹುಟ್ಟಿಸಿತು. ಎಲ್ಲರೂ ಅದರ ಗಂಟಲು ಏರಿಳಿಯುವುದನ್ನೇ ನೋಡುತ್ತ ನಿಂತಿದ್ದೆವು. ಡಾಕ್ಟರಮ್ಮ ಅವ್ವನಿಗೆ ಹೇಳಿದ್ದು ಒಂದೇ ಮಾತು: "ಕಾಯಿ ಏನೂ ಮಾಡ್ಲಿಲ್ಲ ಅಜ್ಜಿ. ನೀರಿಲ್ಲದೆ ಇನ್ನೆರಡು ದಿನ ಇಟ್ಟಿದ್ರೆ ಅದೇ ಜೀವ ತೆಗೀತಿತ್ತು." ತಂಗಿಯ ಕೈಗೆ ಒಂದು ಚೊಂಬು ನೀರು ಬಂತು. ಅವಳು ಅವ್ವನ ಕಡೆ ನೋಡಿದಳು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ತಂಗಿ ಉಸಿರು ತೆಗೆಯದೆ ಅಷ್ಟನ್ನೂ ಕುಡಿದಳು.

ಬೆಟ್ಟದ ಕಾಯಿಯನ್ನು ನಾನು ಬಿಡಲಿಲ್ಲ. ನೀವೂ ಸಿಕ್ಕಿದರೆ ಬಿಡಬೇಡಿ. ಕರಾವಳಿಯ ಕಡೆಯವರಿಗೆ ಇದು ಹೊಸದೇನಲ್ಲವಂತೆ, ಜುಮ್ಮನಕಾಯಿ ಅಂತಾರಂತೆ. ಅದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ, ಅಂಗಡಿಗೆ ಬಂದ ಒಬ್ಬ ಗಿರಾಕಿಯಿಂದ. ಬೀಜ ಉದುರಿಸಿ ಸಿಪ್ಪೆ ಮಾತ್ರ ಇಟ್ಟುಕೊಳ್ಳಿ. ತುಪ್ಪದಲ್ಲಿ ಒಂದು ಸುತ್ತು ತಿರುಗಿಸಿ ತೊವ್ವೆಗೆ ಹಾಕಿ, ಬಡಿಸುವ ಮುಂಚೆ ತೆಗೆಯಿರಿ. ಕಾಡುಮೆಣಸು ಜೊತೆಗಿದ್ದರೆ ಬೆಟ್ಟದ ಕಾಯಿ ಅರ್ಧ ಸಾಕು. ಮೊದಲ ಸಲ ಮಾಡಿದಾಗ ಉಣ್ಣುವವರಿಗೆ ಮುಂಚೆಯೇ ಹೇಳಿಬಿಡಿ. ಹೇಳಿದರೆ ಅದು ರುಚಿ, ಹೇಳದಿದ್ದರೆ ಅದು ಸಾವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ತಂಗಿಗೆ ಇನ್ನೊಂದು ಹೆರಿಗೆಯಾಯಿತು. ಅದೇ ಮೂಗೂರು, ಅದೇ ಕೋಣೆ, ಅದೇ ಕೆಂಡ. ಮಂಚದ ಪಕ್ಕ ತುಂಬಿದ ಚೊಂಬು ಇತ್ತು; ಅದರ ಬಗ್ಗೆ ಅವ್ವ ಒಂದು ಮಾತೂ ಆಡಲಿಲ್ಲ. ನಾನು ಹೋದ ದಿನ ಅವ್ವ ಒಲೆಯ ಮುಂದಿದ್ದಳು. ಸಾರು ಇಳಿಸಿ, ಸೌಟಿನಲ್ಲಿ ಒಂದಿಷ್ಟು ತೆಗೆದು, ನನ್ನ ಕಡೆ ನೋಡದೆ ಸೌಟನ್ನು ಚಾಚಿದಳು.

"ನೋಡು," ಅಂದಳು.

ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಬೆಳ್ಳುಳ್ಳಿ, ತುಪ್ಪ, ಕಾಡುಮೆಣಸು, ಕಡೆಗೆ ಹೇರಳೆಯ ತೆಳ್ಳನೆಯ ವಾಸನೆ. ಸರಿಯಾಗಿಯೇ ಇತ್ತು. ಆದರೂ ನಾನು ತಲೆಯಾಡಿಸಲಿಲ್ಲ. ತುಟಿ ನನ್ನದೇ ಹೌದೋ ಎಂದು ಕಾಯುತ್ತ ನಿಂತೆ. ಅವ್ವನೂ ಸೌಟು ಹಿಡಿದು ನನ್ನ ಬಾಯಿಯನ್ನೇ ನೋಡುತ್ತ ನಿಂತಳು.

"ಅದೇನು ಇಬ್ರೂ ಒಳಗೆ?" ತಂಗಿ ಕೋಣೆಯಿಂದ ಕೂಗಿದಳು. "ನಂಗೆ ಅಸೀತದೆ!"

ಅವಳ ಮಾತು ಸ್ವಚ್ಛವಾಗಿತ್ತು. ನಾವಿಬ್ಬರೂ ಇನ್ನೂ ಸ್ವಲ್ಪ ಹೊತ್ತು ಕಾದೆವು.